ಜಾಂಬಿಗೊಂದು ಗ್ರೀಕ್ ವಂಶಾವಳಿ

ಪಾಳೆಯಗಾರನೊಬ್ಬ ನಾಲ್ಕು ಸೀಮೆ ಗೆದ್ದು ಸಿಂಹಾಸನದ ಮೇಲೆ ಕುಳಿತನೆಂದರೆ ಸಾಕು, ಆಸ್ಥಾನದ ಪಂಡಿತರು ಅವನಿಗೊಂದು ಚಂದ್ರವಂಶವನ್ನೋ ಸೂರ್ಯವಂಶವನ್ನೋ ಹೊಂದಿಸಿಕೊಡುತ್ತಿದ್ದರು. ನಮ್ಮ ಮೈಸೂರು ಒಡೆಯರ ಮೂಲಪುರುಷರನ್ನೂ ವಂಶಾವಳಿ ದ್ವಾರಕೆಯ ಯಾದವರೆಂದೇ ಕರೆಯುತ್ತದೆ. ರಾಜ್ಯ ಬರುತ್ತಿದ್ದದ್ದು ಕತ್ತಿಯಿಂದ, ಮರ್ಯಾದೆ ಬರಬೇಕಾಗಿದ್ದದ್ದು ಪುರಾಣದಿಂದ. ಆ ಪಂಡಿತರ ಕಸುಬು ಇನ್ನೂ ನಿಂತಿಲ್ಲ. ಈಗ ಅವರು ಕಾಮಿಕ್ಸ್ ಪುಸ್ತಕಗಳಿಗೆ ವಂಶಾವಳಿ ಬರೆಯುತ್ತಿದ್ದಾರೆ. ದ್ವಾರಕೆಯ ಜಾಗಕ್ಕೆ ಗ್ರೀಸ್ ಬಂದಿದೆ, ವ್ಯತ್ಯಾಸ ಅಷ್ಟೇ.

ನಾನು ಹೇಳುತ್ತಿರುವುದು ‘ದಿ ವಾಕಿಂಗ್ ಡೆಡ್’ ಎಂಬ ಅಮೆರಿಕದ ಜಾಂಬಿ ಕಾಮಿಕ್ಸ್ ವಿಚಾರ. ಬರೆದವನು ರಾಬರ್ಟ್ ಕಿರ್ಕ್‌ಮನ್. ಮೊದಲ ಆರು ಸಂಚಿಕೆಗಳಿಗೆ ಟೋನಿ ಮೂರ್, ಆಮೇಲೆ ಕೊನೆಯವರೆಗೂ ಚಾರ್ಲಿ ಅಡ್ಲಾರ್ಡ್ ಚಿತ್ರ ಬರೆದರು. 2003ರಿಂದ 2019ರವರೆಗೆ ಕಪ್ಪು ಬಿಳುಪಿನಲ್ಲಿ 193 ಸಂಚಿಕೆಗಳು ಬಂದವು. ರಿಕ್ ಗ್ರೈಮ್ಸ್ ಎಂಬ ಪೊಲೀಸಿನವನು ಆಸ್ಪತ್ರೆಯಲ್ಲಿ ಕೋಮಾದಿಂದ ಕಣ್ಣು ಬಿಡುವ ಹೊತ್ತಿಗೆ ಲೋಕ ಮುಗಿದುಹೋಗಿದೆ. ಸತ್ತವರು ಎದ್ದು ನಡೆಯುತ್ತಿದ್ದಾರೆ, ಬದುಕಿರುವವರನ್ನು ಕಚ್ಚಿ ತಿನ್ನುತ್ತಿದ್ದಾರೆ. ಅವನು ಹೆಂಡತಿ ಮಗನನ್ನು ಹುಡುಕಿ ಹೊರಡುತ್ತಾನೆ. ಸಿಕ್ಕವರೆಲ್ಲ ಸೇರಿ ಒಂದು ಗುಂಪಾಗುತ್ತದೆ, ಜೈಲಿನಲ್ಲೋ ಹೊಲದಮನೆಯಲ್ಲೋ ನೆಲೆ ಹುಡುಕುತ್ತಾ ಅಲೆಯುತ್ತದೆ.

ಇದನ್ನು ಓದುವವರಲ್ಲೂ, ವಿಚಾರ ಸಂಕಿರಣಗಳಲ್ಲಿ ಇದರ ಮೇಲೆ ಪ್ರಬಂಧ ಮಂಡಿಸುವವರಲ್ಲೂ ಒಂದು ಮಾತು ಬೇರೂರಿಬಿಟ್ಟಿದೆ: ಇದು ಬರೀ ಹೆಣದ ಕಥೆಯಲ್ಲ, ಇದರ ತಳದಲ್ಲಿ ಗ್ರೀಕ್ ಪುರಾಣವಿದೆ, ಆದ್ದರಿಂದಲೇ ಇದು ದೊಡ್ಡ ಕೃತಿ. ರಿಕ್ ಎಂದರೆ ಮನೆಯ ದಾರಿ ಹುಡುಕುವ ಒಡಿಸ್ಯೂಸ್. ಅಟ್ಲಾಂಟಾ ಪಟ್ಟಣದಲ್ಲಿ ಅವನೂ ಗುಂಪಿನ ಗ್ಲೆನ್‌ನೂ ಹೆಣದ ಕರುಳನ್ನು ಮೈಗೆ ಬಳಿದುಕೊಂಡು ಹೆಣಗಳ ನಡುವೆ ತೂರಿ ನಡೆಯುವುದು, ಒಕ್ಕಣ್ಣ ಪಾಲಿಫೀಮಸನ ಗವಿಯಿಂದ ಟಗರುಗಳ ಹೊಟ್ಟೆಗೆ ಅಂಟಿಕೊಂಡು ಪಾರಾದ ಕಥೆಯ ಮರುಕಳಿಕೆ. ತೋಳು ದವಡೆ ಕತ್ತರಿಸಿದ ಎರಡು ಹೆಣಗಳನ್ನು ಸರಪಳಿ ಹಾಕಿ ಎಳೆದು ತರುವ ಮಿಶೋನ್ ಪಾತಾಳದ ದೇವತೆ. ಜಾಂಬಿಯಾದ ಮಗಳನ್ನು ಕೋಣೆಯಲ್ಲಿ ಬಚ್ಚಿಟ್ಟುಕೊಂಡ ಗವರ್ನರ್, ಮಗಳನ್ನು ಪಾತಾಳಕ್ಕೆ ಬಿಡಲೊಲ್ಲದ ಡಿಮೀಟರ್. ಪಟ್ಟಿ ಇನ್ನೂ ಉದ್ದವಿದೆ. ಈ ಪಟ್ಟಿಯನ್ನೇ ವಿಮರ್ಶೆಯೆಂದು ಕರೆಯುವುದಕ್ಕೆ ನನ್ನ ತಕರಾರು.

ಮೊದಲನೆಯ ತಕರಾರು ಸುಲಭದ್ದು. ಈ ಹೊಂದಾಣಿಕೆಗೆ ಯಾವ ತಡೆಯೂ ಇಲ್ಲ. ರಿಕ್ ಸತ್ತನೆಂದುಕೊಂಡು ಅವನ ಹೆಂಡತಿ ಲೋರಿ ಗೆಳೆಯ ಶೇನ್ ಜೊತೆ ಕೂಡಿದ್ದಾಳೆ. ರಿಕ್ ಬಂದ ಮೇಲೆ ಶೇನ್ ಅವನನ್ನು ಕೊಲ್ಲಲು ಹೋಗುತ್ತಾನೆ. ಮಗ ಕಾರ್ಲ್ ಗುಂಡು ಹೊಡೆದು ಶೇನ್‌ನನ್ನು ಕೆಡವುತ್ತಾನೆ. ಈಗ ರಿಕ್ ಯಾರು? ಹೆಂಡತಿ ಕಾದುಕೊಂಡಿದ್ದ ಒಡಿಸ್ಯೂಸನೋ, ಹೆಂಡತಿಯ ಪ್ರಿಯಕರನ ಕೈಗೆ ಸಿಕ್ಕ ಅಗಮೆಮ್ನನ್‌ನೋ? ಕಾರ್ಲ್ ಯಾರು, ಒಡಿಸ್ಯೂಸನ ಮಗ ಟೆಲಿಮಾಕಸನೋ, ಅಗಮೆಮ್ನನ್ ಮಗ ಒರೆಸ್ಟಿಸನೋ? ಹೋಮರನಿಗೆ ಈ ಎರಡು ಮನೆಗಳೂ ಒಂದಕ್ಕೊಂದು ವಿರುದ್ಧ. ಅಗಮೆಮ್ನನ್ ಮನೆಯ ಗತಿ ನಿನಗೂ ಬಂದೀತು, ಹುಷಾರು ಎಂದು ಒಡಿಸ್ಯೂಸನನ್ನು ಎಚ್ಚರಿಸುವುದೇ ಆ ಕಾವ್ಯದ ಒಂದು ಕೆಲಸ. ಆ ವಿರೋಧವನ್ನೇ ಕರಗಿಸಿ ಎರಡನ್ನೂ ಒಬ್ಬ ರಿಕ್‌ಗೆ ಹಚ್ಚುವ ಹೋಲಿಕೆ ಕಾಮಿಕ್ಸ್ ಬಗ್ಗೆಯೂ ಏನೂ ಹೇಳುವುದಿಲ್ಲ, ಹೋಮರನ ಬಗ್ಗೆಯೂ ಹೇಳುವುದಿಲ್ಲ. ದುರ್ಯೋಧನನ ತೊಡೆಗೆ ಅಖಿಲೀಸನ ಹಿಮ್ಮಡಿ ಜೋಡಿಸಿ ‘ಹೋಮರನಲ್ಲೂ ಇದೇ ಇದೆ’ ಎನ್ನುವವರನ್ನು ಕೇಳಿದ್ದೇವಲ್ಲ? ಹಿಮ್ಮಡಿಯ ಆ ಕಥೆ ಹೋಮರನ ಕಾವ್ಯದಲ್ಲಿ ಇಲ್ಲವೇ ಇಲ್ಲ. ಎಷ್ಟೋ ಶತಮಾನಗಳ ನಂತರ ರೋಮಿನವರ ಕಾಲದಲ್ಲಿ ಬಂದ ಕಥೆ ಅದು. ಹೋಲಿಸುವ ಆತುರ ಓದುವ ತಾಳ್ಮೆಯನ್ನು ಮೊದಲು ತಿನ್ನುತ್ತದೆ.

ಗ್ರೀಕರ ಸತ್ತವರನ್ನೇ ನೋಡಿ. ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದಲ್ಲಿ ಒಡಿಸ್ಯೂಸ್ ಗುಂಡಿ ತೋಡಿ ಕುರಿಯ ರಕ್ತ ಸುರಿಯುತ್ತಾನೆ. ಸತ್ತವರು ಗುಂಪುಗುಂಪಾಗಿ ಮುತ್ತಿಕೊಳ್ಳುತ್ತಾರೆ, ಇವನು ಕತ್ತಿ ಹಿಡಿದು ತಡೆಯುತ್ತಾನೆ. ಜಾಂಬಿ ದೃಶ್ಯ ಕಣ್ಣಿಗೆ ಕಟ್ಟಿದ ಹಾಗೇ ಇದೆ ಎಂದು ಪಂಡಿತರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಇನ್ನೆರಡು ಪುಟ ಓದಬೇಕಿತ್ತು. ಅವನ ತಾಯಿ ಆಂಟಿಕ್ಲೀಯ ಎದುರಿಗೇ ಕೂತಿದ್ದರೂ ಮಗನ ಗುರುತು ಹಿಡಿಯುವುದಿಲ್ಲ. ರಕ್ತ ಕುಡಿದ ಮೇಲೆ ಗುರುತು ಸಿಗುತ್ತದೆ, ಮಾತು ಬರುತ್ತದೆ. ಮಗ ತಬ್ಬಿಕೊಳ್ಳಲು ಮೂರು ಸಲ ಕೈ ಚಾಚುತ್ತಾನೆ, ಮೂರು ಸಲವೂ ಅವಳು ನೆರಳಿನಂತೆ ಜಾರಿಹೋಗುತ್ತಾಳೆ. ಗ್ರೀಕರ ಸತ್ತವರಿಗೆ ಮೈ ಇಲ್ಲ, ರಕ್ತ ಸಿಕ್ಕರೆ ನೆನಪು ಮರಳುತ್ತದೆ. ಕಿರ್ಕ್‌ಮನ್ನನ ಸತ್ತವರಿಗೆ ಇರುವುದು ಮೈ ಒಂದೇ. ಎಷ್ಟು ತಿಂದರೂ ಒಂದು ನೆನಪೂ ಹುಟ್ಟುವುದಿಲ್ಲ. ಅಲ್ಲಿಯ ದುಃಖ ಮುಟ್ಟಲಾಗದ್ದರದು, ಇಲ್ಲಿಯ ಭಯ ಮುಟ್ಟಿಸಿಕೊಳ್ಳುವುದರದು. ಸತ್ತವರನ್ನು ಮೇಲೆಬ್ಬಿಸಿ ಬದುಕಿರುವವರನ್ನು ತಿನ್ನಿಸುತ್ತೇನೆ ಎಂಬ ಬೆದರಿಕೆಯೇ ಬೇಕಿದ್ದರೆ ಅದು ಗ್ರೀಸಿನಲ್ಲಿ ಸಿಕ್ಕುವುದಲ್ಲ. ಅದಕ್ಕಿಂತ ಹಿಂದಿನ ಮೆಸಪೊಟೇಮಿಯಾದ ಗಿಲ್ಗಮೇಶನ ಕಥೆಯಲ್ಲಿ ಇಷ್ತಾರ್ ದೇವತೆ ತಂದೆಯ ಮುಂದೆ ಆಡುವ ಮಾತು ಅದು. ಆದರೆ ಬ್ಯಾಬಿಲೋನಿನ ಹೆಸರಿಗೆ ಗ್ರೀಸಿನಷ್ಟು ಗಿರಾಕಿಗಳಿಲ್ಲ.

ಹಾಗಾದರೆ ಜಾಂಬಿ ಎಲ್ಲಿಂದ ಬಂದ? ಎರಡನೆಯ ತಕರಾರು ಇದು, ನನ್ನ ಮಟ್ಟಿಗೆ ಇದೇ ಮುಖ್ಯ. ಜಾಂಬಿಯ ಊರು ಹೈಟಿ. ಫ್ರೆಂಚರ ಕೈಯಲ್ಲಿದ್ದಾಗ ಸ್ಯಾನ್ ಡೊಮಿಂಗ್ ಎಂದು ಹೆಸರಿದ್ದ ಆ ನಾಡಿನ ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ದುಡಿಸಿದರು. 1791ರಲ್ಲಿ ಅವರು ದಂಗೆ ಎದ್ದು, 1804ರಲ್ಲಿ ಸ್ವತಂತ್ರ ದೇಶವನ್ನೇ ಕಟ್ಟಿಕೊಂಡರು. ಅವರ ಜಾಂಬಿ ಯಾರನ್ನೂ ಕಚ್ಚುವುದಿಲ್ಲ. ಮಾಟಗಾರನೊಬ್ಬ ಸತ್ತವನನ್ನು ಗೋರಿಯಿಂದ ಎಬ್ಬಿಸಿ ಹೊಲದಲ್ಲಿ ದುಡಿಸಿಕೊಳ್ಳುತ್ತಾನೆ. ಜಾಂಬಿಗೆ ಮಾತಿಲ್ಲ, ಇಷ್ಟವಿಲ್ಲ, ಸಂಜೆಯಿಲ್ಲ. ಗುಲಾಮನಿಗೆ ಸಾವೊಂದೇ ಬಿಡುಗಡೆ. ಆ ಬಿಡುಗಡೆಯನ್ನೂ ಧಣಿ ಕಿತ್ತುಕೊಂಡರೆ ಏನು ಗತಿ ಎಂಬ ನಡುಕದಿಂದ ಹುಟ್ಟಿದ ಕಥೆ ಇದು. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯಲ್ಲಿ ಬೀಡುಬಿಟ್ಟಿತ್ತು. ಆ ಕಾಲದಲ್ಲೇ, 1929ರಲ್ಲಿ ಸೀಬ್ರುಕ್ ಎಂಬಾತ ಬರೆದ ಪುಸ್ತಕದಿಂದ ಕಥೆ ಅಮೆರಿಕಕ್ಕೆ ಹೋಯಿತು, 1932ರಲ್ಲಿ ‘ವೈಟ್ ಜಾಂಬಿ’ ಎಂಬ ಸಿನಿಮಾ ಆಯಿತು. 1968ರಲ್ಲಿ ಜಾರ್ಜ್ ರೊಮೆರೊ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದು ದುಡಿಯುವ ಹೆಣವನ್ನು ತಿನ್ನುವ ಹೆಣವಾಗಿಸಿದ. ಆ ಸಿನಿಮಾದಲ್ಲಿ ರಾತ್ರಿಯೆಲ್ಲ ಹೆಣಗಳ ಜೊತೆ ಹೋರಾಡಿ ಬದುಕುಳಿಯುವವನು ಒಬ್ಬ ಕಪ್ಪು ಮನುಷ್ಯ. ಬೆಳಗಾದ ಮೇಲೆ ಕಾಪಾಡಲು ಬಂದ ಬಿಳಿಯರ ಗುಂಡಿಗೆ ಬಲಿಯಾಗುತ್ತಾನೆ. ಕಿರ್ಕ್‌ಮನ್ ತಾನು ರೊಮೆರೊನ ಋಣದಲ್ಲಿರುವವನೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಇಷ್ಟು ನೇರವಾದ, ತಾರೀಖುಗಳ ಸಮೇತ ಇರುವ ಕಥೆಯನ್ನು ಪಕ್ಕಕ್ಕಿಟ್ಟು ಗ್ರೀಕರ ಪಾತಾಳದೊಡೆಯ ಹೇಡೀಸನ ಹೆಸರು ಹೇಳುವುದೆಂದರೆ ಗುಲಾಮರು ಕಟ್ಟಿದ ಕಥೆಯ ಪಟ್ಟಾವನ್ನು ಬಿಳಿ ಅಮೃತಶಿಲೆಯ ದೇವರ ಹೆಸರಿಗೆ ಮಾಡಿಕೊಡುವುದು. ಗೊತ್ತಿಲ್ಲದೆ ಮಾಡಿದರೂ ಅದು ಕಬಳಿಕೆಯೇ.

‘ಹೈಟಿಗೂ ನಮಗೂ ಏನು ಸಂಬಂಧ, ಗ್ರೀಸಾದರೂ ಪಠ್ಯದಲ್ಲಿದೆ’ ಎನ್ನುವವರಿದ್ದಾರೆ. ನಮ್ಮ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಸೀಮೆಯವರು ಈ ಮಾತು ಆಡಬಾರದು. ಅಪ್ಪ ತಂದ ಸಾಲಕ್ಕೆ ಮಗ, ಮಗನ ಬಡ್ಡಿಗೆ ಮೊಮ್ಮಗ ಒಂದೇ ಮನೆಯ ಕೊಟ್ಟಿಗೆಯಲ್ಲಿ ದುಡಿದ ಜೀತದ ಕಥೆಗಳು ಇಲ್ಲಿಯ ಹಿರಿಯರ ಬಾಯಲ್ಲಿ ಇನ್ನೂ ಇವೆ. ಸಾಲಗಾರ ಸತ್ತರೂ ಸಾಲ ಸಾಯುತ್ತಿರಲಿಲ್ಲ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂದಾಗ ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. ಸತ್ತ ಮೇಲೂ ಮುಗಿಯದ ದುಡಿಮೆ ಎಂದರೇನೆಂದು ತಿಳಿಯಲು ನಮಗೆ ಸಿಸಿಫಸನ ಬಂಡೆ ಬೇಕಾಗಿಲ್ಲ. ಹಾಗೆಂದು ಹೈಟಿಯೂ ಹೆಗ್ಗಡದೇವನಕೋಟೆಯೂ ಒಂದೇ ಎಂದರೆ ನಾನೂ ಆ ಪಂಡಿತರ ಸಾಲಿಗೇ ಸೇರಿಬಿಡುತ್ತೇನೆ. ಹೈಟಿಯ ಕಥೆಗಳಲ್ಲಿ ಜಾಂಬಿಯ ನಾಲಗೆಗೆ ಉಪ್ಪು ತಾಗಿದರೆ ಅವನಿಗೆ ತಾನು ಸತ್ತವನೆಂದು ಅರಿವಾಗುತ್ತದೆ, ಹೊಲ ಬಿಟ್ಟು ತನ್ನ ಗೋರಿಯ ಕಡೆ ನಡೆದುಬಿಡುತ್ತಾನೆ. ನಮ್ಮಲ್ಲಿ ಉಪ್ಪು ತಿಂದವನು ಧಣಿಗೆ ಕಟ್ಟುಬಿದ್ದವನು. ಅಲ್ಲಿ ಬಿಡಿಸುವ ಉಪ್ಪು ಇಲ್ಲಿ ಕಟ್ಟಿಹಾಕುತ್ತದೆ. ಗುಲಾಮನ ಮೇಲೆ ಧಣಿಯ ಋಣವಿದೆಯೆಂದು ನಂಬಿಸಬೇಕಾದ ಅಗತ್ಯ ಚಾಟಿ ಹಿಡಿದವನಿಗೆ ಇರಲಿಲ್ಲ. ಜೀತಕ್ಕೆ ಆ ನಂಬಿಕೆಯೇ ಚಾಟಿಯಾಗಿತ್ತು. ಹೋಲಿಕೆ ಈ ಭೇದವನ್ನು ಕಾಣಿಸಿದಾಗ ಮಾತ್ರ ಅದಕ್ಕೆ ಬೆಲೆ.

ಕಳೆದ ಹೊಗೆಸೊಪ್ಪಿನ ಕಾಲದಲ್ಲಿ ಪಿರಿಯಾಪಟ್ಟಣದ ಕಡೆಯ ನೆಂಟರ ಬ್ಯಾರನ್ ಮುಂದೆ ಒಂದು ರಾತ್ರಿ ಕೂತಿದ್ದೆ. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಹದವಾಗುವ ತನಕ ಹಗಲು ರಾತ್ರಿ ಬೆಂಕಿ ಕಾಯಬೇಕು. ಶಾಖ ಹಂತಹಂತವಾಗಿ ಏರಬೇಕು, ಒಂದು ಗಳಿಗೆ ಕಣ್ಣು ತಪ್ಪಿದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತದೆ. ಕಾವಲಿಗಿದ್ದ ಡಿಗ್ರಿ ಓದುವ ಹುಡುಗ ಮೊಬೈಲಿನಲ್ಲಿ ಇದೇ ಕಾಮಿಕ್ಸ್ ಓದುತ್ತಿದ್ದ. “ಮಾವ, ಇದೆಲ್ಲಾ ಗ್ರೀಕರ ಕಥೆ ಅಂತೆ ಕಣ್ ಮಾವ, ನಮ್ ಮೇಷ್ಟ್ರು ಹೇಳುದ್ರು” ಅಂದ. ನಿನಗೆ ಯಾವ ಭಾಗ ಹಿಡಿಸಿತು ಅಂದೆ. ಒಲೆಗೆ ಒಂದು ಸೌದೆ ತಳ್ಳಿ ಅವನು ಹರ್ಷಲ್‌ನ ಕಥೆ ಹೇಳಿದ. ಹರ್ಷಲ್ ಹೊಲ ಇಟ್ಟುಕೊಂಡ ಮುದುಕ. ಜಾಂಬಿಯಾದ ಸ್ವಂತ ಮಗನನ್ನೂ ನೆರೆಹೊರೆಯವರನ್ನೂ ಹುಲ್ಲಿನ ಕೊಟ್ಟಿಗೆಯಲ್ಲಿ ಕೂಡಿ ಬೀಗ ಹಾಕಿದ್ದಾನೆ, ಕೊಲ್ಲಲು ಒಪ್ಪುತ್ತಿಲ್ಲ. ಅವರು ಸತ್ತಿಲ್ಲ, ಕಾಯಿಲೆ ಬಿದ್ದಿದ್ದಾರೆ ಎಂಬುದು ಅವನ ವಾದ. “ಅವ್ನು ತಪ್ಪು ಅಂತ ಗೊತ್ತು ಮಾವ, ಆದ್ರೂ ಅವ್ನೇ ಸರಿ ಅನ್ನುಸ್ತದೆ” ಅಂದ ಹುಡುಗ. ಆ ಒಂದು ಮಾತಿನಲ್ಲಿ ವಿಮರ್ಶೆ ಶುರುವಾಗಿತ್ತು. ಅದನ್ನು ಅವನು ತರಗತಿಯಲ್ಲಿ ಹೇಳಿರಲಿಲ್ಲ, ಯಾಕೆಂದರೆ ಅಲ್ಲಿ ಕೇಳಿದ ಪ್ರಶ್ನೆ ಹರ್ಷಲ್ ಯಾವ ಗ್ರೀಕ್ ದೇವತೆ ಎಂಬುದು.

ಹುಡುಗ ತಡಕಾಡುತ್ತಿದ್ದ ಪ್ರಶ್ನೆ, ಅಂದರೆ ಕೊಳೆತ ಮೈಯನ್ನು ಏನು ಮಾಡಬೇಕೆಂಬುದು, ಅವನ ಊರಿಗೆ ಹತ್ತಿರದಲ್ಲೇ ಎಷ್ಟೋ ತಲೆಮಾರುಗಳಿಂದ ಹಾಡಿಕೊಂಡು ಬಂದ ಪ್ರಶ್ನೆ. ಕೆ.ಆರ್. ನಗರ ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಕಪ್ಪಡಿಯಲ್ಲಿ ರಾಚಪ್ಪಾಜಿ ಚೆನ್ನಾಜಮ್ಮನವರ ಉರಿಗದ್ದಿಗೆ ಇದೆ, ಶಿವರಾತ್ರಿಯ ಹೊತ್ತಿಗೆ ಜಾತ್ರೆ ಕಟ್ಟುತ್ತದೆ. ರಾಚಪ್ಪಾಜಿಯ ಗುರು ಮಂಟೇಸ್ವಾಮಿ. ನೀಲಗಾರರು ತಂಬೂರಿ ಮೀಟಿ ಹಾಡುವ ಅವನ ಕಾವ್ಯದಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವ ಭಾಗವಿದೆ. ಬರುವ ವೇಷ ಎಂಥದ್ದು? ಮೈಯೆಲ್ಲ ಕೊಳೆತ ಕುಷ್ಠರೋಗಿ, ಸುತ್ತ ನೊಣ, ಗಬ್ಬುನಾತ, ಜೊತೆಗೆ ಹೆಂಡ, ಸತ್ತ ಕರು. ಕಲ್ಯಾಣದ ಶರಣರೆಲ್ಲ ಮೂಗು ಮುಚ್ಚಿ ಓಡುತ್ತಾರೆ, ಅಟ್ಟುತ್ತಾರೆ; ಲೋಕಕ್ಕೆ ದೊಡ್ಡವನಾದವನು ತಿಪ್ಪೆಯಲ್ಲಿ ಬಿದ್ದುಕೊಳ್ಳುತ್ತಾನೆ. ಗುರುತು ಹಿಡಿದ ಬಸವಣ್ಣ ಎತ್ತಿಕೊಳ್ಳಲು ಹೋದರೆ ಮೈ ಕೈಗೆ ಕಳಚಿ ಬರುತ್ತದೆ, ಆದರೂ ಹೊರಬೇಕು. ಹಾಡುವವರ ಊರು ಬದಲಾದಂತೆ ಕಥೆಯ ವಿವರ ಬದಲಾಗುತ್ತದೆ, ಆದರೆ ಈ ಪರೀಕ್ಷೆ ಬದಲಾಗುವುದಿಲ್ಲ. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿದ ಮಹಾಕಾವ್ಯ ಪುಸ್ತಕದ ಅಂಗಡಿಯಲ್ಲೂ ಸಿಗುತ್ತದೆ. ಕೇಳಬೇಕೆಂದರೆ ಜಾತ್ರೆಗೆ ಹೋದರಾಯಿತು.

ಇಲ್ಲೂ ವಂಶಾವಳಿಯವರು ಸುಮ್ಮನಿರುವುದಿಲ್ಲ. ಸೊಫೊಕ್ಲಿಸನ ಫಿಲೊಕ್ಟಿಟಿಸ್ ಇದ್ದಾನಲ್ಲ, ಹಾವು ಕಚ್ಚಿದ ಕಾಲು ಕೊಳೆತು ನಾರಿದ್ದಕ್ಕೆ ಜೊತೆಗಾರರು ಅವನನ್ನು ಲೆಮ್ನೊಸ್ ದ್ವೀಪದಲ್ಲಿ ಬಿಟ್ಟು ಹೋಗಲಿಲ್ಲವೇ ಎನ್ನುತ್ತಾರೆ. ಸರಿ, ಹೋಲಿಸೋಣ. ಗ್ರೀಕರು ಫಿಲೊಕ್ಟಿಟಿಸನ ಹತ್ತಿರ ಮತ್ತೆ ಬರುವುದು ಟ್ರಾಯ್ ಗೆಲ್ಲಲು ಅವನ ಬಿಲ್ಲು ಬೇಕಾದದ್ದಕ್ಕೆ. ಅವನ ಹುಣ್ಣು ಒಂದು ದುರದೃಷ್ಟ, ನಾಟಕದ ಕೊನೆಗೆ ವಾಸಿಯಾಗುವ ಭರವಸೆಯೂ ಸಿಗುತ್ತದೆ. ಮಂಟೇಸ್ವಾಮಿಯ ಕೊಳೆತ ಮೈ ಅವನೇ ಬೇಕೆಂದು ತೊಟ್ಟದ್ದು, ಕಲ್ಯಾಣದ ಶುದ್ಧರನ್ನು ತೂಗುವುದಕ್ಕೆ. ಜಾತಿಯ ಊರಲ್ಲಿ ಮೈಲಿಗೆಯೆಂದು ದೂರ ಇಟ್ಟವರು ಕಟ್ಟಿದ ದೇವರು ಹೀಗಲ್ಲದೆ ಇನ್ನು ಹೇಗೆ ಬಂದಾನು? ಈ ಕಣ್ಣಿನಿಂದ ಕಾಮಿಕ್ಸ್ ನೋಡಿ. ಅಲ್ಲಿ ಕೊಳೆತ ಮೈಗೆ ತಲೆಗೊಂದು ಗುಂಡು. ಹೊಡೆಯಲು ಒಪ್ಪದ ಹರ್ಷಲ್ ಹುಚ್ಚ, ಅವನ ಹುಚ್ಚಿಗೆ ಅವನ ಮಕ್ಕಳೇ ಬಲಿ. ಸತ್ತವರನ್ನು ಕೊಂದು ಕೊಂದು ಬದುಕಿರುವವರನ್ನೂ ಕೊಲ್ಲುವುದು ಅಭ್ಯಾಸವಾದ ಮೇಲೆ, ನಿಜವಾದ ನಡೆದಾಡುವ ಹೆಣಗಳು ನಾವೇ ಎಂದು ರಿಕ್ ತನ್ನ ಗುಂಪಿಗೇ ಹೇಳುವ ಗಳಿಗೆ ಬರುತ್ತದೆ. ಕೃತಿ ತನ್ನ ನಿಯಮಕ್ಕೆ ತಾನೇ ಹೇಸುವ ಆ ಗಳಿಗೆಯೇ ಅದರ ದೊಡ್ಡತನ. ಅದು ಕಪ್ಪಡಿಯ ಎದುರಿಟ್ಟಾಗ ಹೊಳೆಯುತ್ತದೆ. ಪಾಲಿಫೀಮಸನ ಟಗರು ಎಣಿಸುತ್ತಾ ಕೂತವನಿಗೆ ಕಾಣುವುದೇ ಇಲ್ಲ.

ಇನ್ನೊಂದು ಬಣದವರೂ ಇದ್ದಾರೆ, ಅವರನ್ನೂ ಬಿಡುವಂತಿಲ್ಲ. ಕಾಮಿಕ್ಸಿನಲ್ಲಿ ಎಜೆಕಿಯಲ್ ಎಂಬ ಸ್ವಯಂಘೋಷಿತ ದೊರೆ ಸಾಕಿದ ಹುಲಿಯ ಹೆಸರು ಶಿವ. ಅಷ್ಟು ಸಾಕು, ಇದು ನಮ್ಮ ಪುರಾಣದ ಕದ್ದ ಮಾಲು ಎಂದು ಹೊರಡುತ್ತಾರೆ. ಬೇತಾಳನೇ ಜಗತ್ತಿನ ಮೊದಲ ಜಾಂಬಿ ಎನ್ನುತ್ತಾರೆ. ಹನ್ನೊಂದನೆಯ ಶತಮಾನದ ಸೋಮದೇವನಿಂದ ‘ಚಂದಮಾಮ’ದವರೆಗೆ ಬಂದ ಬೇತಾಳ ಹೆಣದೊಳಗೆ ಕೂತು ಕಥೆ ಹೇಳುವವನು, ಒಗಟು ಹಾಕುವವನು, ರಾಜನ ವಿವೇಕ ಅಳೆಯುವವನು. ಜಾಂಬಿಗೆ ಇಲ್ಲದ್ದು ಮಾತು, ಬೇತಾಳನಿಗೆ ಇರುವುದೆಲ್ಲ ಮಾತೇ. ಗ್ರೀಸಿನ ಜಾಗದಲ್ಲಿ ಉಜ್ಜಯಿನಿಯನ್ನು ತಂದು ಕೂರಿಸಿದರೆ ರೋಗ ವಾಸಿಯಾಗುವುದಿಲ್ಲ.

ಮನುಷ್ಯರ ಮನಸ್ಸು ಎಲ್ಲೆಡೆ ಒಂದೇ, ಆದ್ದರಿಂದ ಕಥೆಗಳೂ ಒಂದೇ ಎಂಬ ವಾದವನ್ನು ಜೋಸೆಫ್ ಕ್ಯಾಂಬೆಲ್ 1949ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದು ಮಂಡಿಸಿದ. ಎಲ್ಲ ಕಥೆಯೂ ಒಂದೇ ಆದರೆ ಈ ಕಥೆಯನ್ನೇ ಏಕೆ ಓದಬೇಕು? ಈ ವಾದ ಅದಕ್ಕೆ ಉತ್ತರಿಸಲಾರದು. ಕಾಮಿಕ್ಸ್ ಕೀಳೆಂದು ತಳ್ಳುವವರ ಎದುರು ಗ್ರೀಕ್ ಹೆಸರು ಗುರಾಣಿಯಾಗುತ್ತದಲ್ಲ ಎಂಬ ಅನುಕಂಪದ ವಾದವೂ ಇದೆ. ಅದು ಗುರಾಣಿಯಲ್ಲ, ಶರಣಾಗತಿ. ಗ್ರೀಕ್ ರಕ್ತವಿಲ್ಲದಿದ್ದರೆ ಕಾಮಿಕ್ಸ್ ಕೀಳೇ ಎಂದು ಒಪ್ಪಿಕೊಂಡಂತೆ. ಗ್ರೀಸ್ ಬೇಕೆನಿಸಿದ ಕಾಮಿಕ್ಸ್ ಅದನ್ನು ಹೆಸರು ಹೇಳಿಯೇ ಕರೆಯುತ್ತದೆ; 1941ರಲ್ಲಿ ಬಂದ ವಂಡರ್ ವುಮನ್ ಅಮೆಜಾನ್ ನಾಡಿನವಳೆಂದೇ ಹೇಳಿಕೊಂಡಳು. ಅಲ್ಲಿ ಗ್ರೀಸ್ ಹುಡುಕಿ, ಯಾರೂ ಬೇಡವೆನ್ನುವುದಿಲ್ಲ.

ಗ್ರೀಸಿನ ಎದುರು ಕನ್ನಡಿಗರು ಹೇಗೆ ನಿಲ್ಲಬಹುದು ಎಂಬುದಕ್ಕೆ ಮೈಸೂರಿನಲ್ಲೇ ಎರಡು ಮಾದರಿಗಳಿವೆ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ‘ಏಜಾಕ್ಸ್’ ಓದಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ನಮ್ಮ ಪುರಾಣದಲ್ಲಿ ನಡೆದಾಡುವ ಹೆಣವೊಂದಿದ್ದರೆ ಅದು ಅಶ್ವತ್ಥಾಮನೇ: ಕೀವು ರಕ್ತದ ನಾತ ಹೊತ್ತು, ಯಾರೂ ಹತ್ತಿರ ಸೇರಿಸದೆ, ಮೂರು ಸಾವಿರ ವರ್ಷ ಅಲೆ ಎಂದು ಕೃಷ್ಣನ ಶಾಪ. ಬಿ.ಎಂ.ಶ್ರೀ ಅವನನ್ನು ಏಜಾಕ್ಸನಿಗೆ ಹೋಲಿಸಿ ಕೈತೊಳೆದುಕೊಳ್ಳಲಿಲ್ಲ. ಏಜಾಕ್ಸ್ ಸತ್ತಂತೆ ಇವನನ್ನೂ ತನ್ನ ಕೈಯಾರೆ ಸಾಯಲು ಬಿಟ್ಟರು. ಚಿರಂಜೀವಿ ಸಾಯುವುದುಂಟೇ ಎಂದು ಸಂಪ್ರದಾಯದವರು ಹುಬ್ಬೇರಿಸಿದರೆ ಏರಿಸಲಿ. ಗ್ರೀಸನ್ನು ಅವರು ನಮ್ಮ ಕಥೆಗೆ ಮೊಹರು ಒತ್ತಿಸಿಕೊಳ್ಳಲು ಬಳಸಲಿಲ್ಲ, ಕಥೆಯನ್ನು ಮುರಿಯಲು ಬಳಸಿದರು.

ಇನ್ನೊಬ್ಬರು 1929ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್. ಉತ್ತರ ಕರ್ನಾಟಕದಲ್ಲಿ ಅವರಿಗೊಂದು ಕಥೆ ಸಿಕ್ಕಿತು. ಮಗನನ್ನೇ ಮದುವೆಯಾಗುತ್ತಾಳೆಂದು ಹಣೆಬರಹ ಹೊತ್ತ ಹೆಣ್ಣೊಬ್ಬಳು ಅದನ್ನು ತಪ್ಪಿಸಿಕೊಳ್ಳಲು ಕಾಡು ಸೇರಿ, ಹುಟ್ಟಿದ ಮಗುವನ್ನು ಹೊಳೆಗೆ ಬಿಟ್ಟು, ಕೊನೆಗೂ ಅವನನ್ನೇ ಮದುವೆಯಾಗಿ, ನಿಜ ತಿಳಿದ ದಿನ ನೇಣು ಹಾಕಿಕೊಳ್ಳುವ ಕಥೆ. ಈಡಿಪಸನ ಕನ್ನಡ ರೂಪ ಸಿಕ್ಕಿತೆಂದು ಬೇರೆಯವರಾಗಿದ್ದರೆ ಕುಣಿದಾಡಿಬಿಡುತ್ತಿದ್ದರು. ರಾಮಾನುಜನ್ ಕೇಳಿದ್ದು, ಇಲ್ಲಿ ಕಥೆ ತಾಯಿಯ ಕಡೆಯಿಂದ ನಡೆಯುವುದೇಕೆ ಎಂದು. ಗ್ರೀಕರಲ್ಲಿ ಮಗ ತಂದೆಯನ್ನು ಕೊಂದರೆ ನಮ್ಮಲ್ಲಿ ಪೂರು ಯಯಾತಿಗೆ ಯೌವನ ಕೊಡುತ್ತಾನೆ, ಭೀಷ್ಮ ಅಪ್ಪನಿಗಾಗಿ ಮದುವೆಯನ್ನೇ ಬಿಡುತ್ತಾನೆ. ಬಲಿ ಬೀಳುವವನು ಮಗ. ಸಾಮ್ಯ ಕಂಡ ಜಾಗದಲ್ಲಿ ಅವರ ಕೆಲಸ ಶುರುವಾಯಿತು. ನಮ್ಮ ಪ್ರಬಂಧಗಳು ಅಲ್ಲಿಗೇ ಮುಗಿಯುತ್ತವೆ.

ಗ್ರೀಸಿನ ಮೊಹರಿನ ಆಸೆ ನಮಗೆ ಇವತ್ತು ನಿನ್ನೆಯದಲ್ಲ. ಈಜಿಪ್ಟಿನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದಲ್ಲಿ ಬರುವ ಅರ್ಥವಾಗದ ಮಾತು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಷ್ ಎಂಬ ವಿದ್ವಾಂಸ ಹೇಳಿದ್ದೇ ತಡ, ನಮ್ಮ ದೊಡ್ಡ ದೊಡ್ಡ ಪಂಡಿತರು ಅದರ ಹಿಂದೆ ಬಿದ್ದರು. ವಾದ ಇವತ್ತಿಗೂ ಬಗೆಹರಿದಿಲ್ಲ. ಅದು ಕನ್ನಡವೇ ಆಗಿದ್ದರೂ ಕನ್ನಡದ ಮಾನ ಒಂದು ಗುಲಗಂಜಿಯಷ್ಟೂ ಏರುವುದಿಲ್ಲ, ಆಗಿರದಿದ್ದರೂ ಇಳಿಯುವುದಿಲ್ಲ.

ಆದ್ದರಿಂದ ಪ್ರಬಂಧ ಬರೆಸುವ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೇಳಿಕೆ. ಹೋಮರನನ್ನು ಓದಿಸಿ, ಸೊಫೊಕ್ಲಿಸನನ್ನು ಓದಿಸಿ. ಗ್ರೀಕರು ಅಷ್ಟು ದೊಡ್ಡವರಾದದ್ದರಿಂದಲೇ ಅವರನ್ನು ಕಂಡಕಂಡ ಕಥೆಗೆ ಜಾಮೀನು ನಿಲ್ಲಿಸಬೇಡಿ. ‘ರಿಕ್ ಒಡಿಸ್ಯೂಸನಂತೆ’ ಎಂದು ವಿದ್ಯಾರ್ಥಿ ಬರೆದರೆ ಅದಕ್ಕೆ ಅಂಕ ಕೊಡಬೇಡಿ, ಮುಂದಿನ ವಾಕ್ಯ ಕೇಳಿ. ಎಲ್ಲಿ ಅವನಂತಲ್ಲ, ಯಾಕಲ್ಲ, ಆ ‘ಅಲ್ಲ’ದಿಂದ ಯಾರ ಕಥೆ ಹೊರಗೆ ಬಂತು ಎಂದು ಕೇಳಿ. ಉತ್ತರದಲ್ಲಿ ಹೈಟಿಯ ಗುಲಾಮ ಬಂದಾನು, ಹೆಗ್ಗಡದೇವನಕೋಟೆಯ ಜೀತಗಾರ ಬಂದಾನು, ಕಪ್ಪಡಿಯ ನೀಲಗಾರ ಬಂದಾನು. ಈ ಮೂವರಲ್ಲಿ ಒಬ್ಬನನ್ನೂ ಒಳಗೆ ಬಿಡದ ಹೋಲಿಕೆಗೆ ಸೊನ್ನೆ ಹಾಕುವ ಧೈರ್ಯ ಮಾಡಿ.